ತಪ್ಪೇ ಮಾಡದ ಚಾಂದನಿ

ಲಕ್ಷ್ಮೇಶ್ವರ
12 ಜನವರಿ 1998

ನೇತ್ರಾ ಅಕ್ಕೋರಿಗೆ ಜಾಸ್ಮಿನಳ ಸಲಾಂ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ರಂಜಾನಿನ ರೋಜಾ ನಡೆದಿದೆ, ಮಧ್ಯಾಹ್ನದ ಹೊತ್ತಿಗೆ ಟೈಪ್ ಹೊಡೆಯುವ ಬೆರಳು ಸೋತುಹೋಗುತ್ತವೆ. ಆದರೂ ಹನ್ನೊಂದನೆಯ ಅಧ್ಯಾಯ ಮುಗಿಸಿ ನಮ್ಮ ನೋಟ್‌ಬುಕ್ಕನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ವಾರಪತ್ರಿಕೆಯವರು ಬಾಗಿಲು ಮುಚ್ಚಿ ‘ಏಳು ಖೋಲಿಯ ಚಾಳು’ ಧಾರಾವಾಹಿಯನ್ನು ಅರ್ಧಕ್ಕೆ ಬಿಟ್ಟಾಗ ನಾನು ಎಷ್ಟು ಅತ್ತಿದ್ದೆ! ಓದುಗರ ಪುಟದಲ್ಲಿ ‘ನೇತ್ರಾ, ಶಿಕ್ಷಕಿ’ ಎಂಬ ನಿಮ್ಮ ವಿಳಾಸ ಸಿಗದಿದ್ದರೆ, ‘ಮುಂದಿನದನ್ನು ನಾವಿಬ್ಬರೇ ಯಾಕೆ ಬರೆಯಬಾರದು’ ಎಂದು ನೀವು ಕೇಳದಿದ್ದರೆ, ಆ ಹುಬ್ಬಳ್ಳಿಯ ಚಾಳಿನ ಜನ ಇವತ್ತಿಗೂ ನಳದ ಮುಂದೆ ಕೊಡ ಹಿಡಿದುಕೊಂಡೇ ನಿಂತಿರುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆದರೆ ನಾನು ಸೇರಿಸಿದ ಚಾಂದನಿ ಐದನೇ ಖೋಲಿಯಲ್ಲಿ, ನೀವು ಸೇರಿಸಿದ ಗಿರಿಜಾ ಏಳನೇ ಖೋಲಿಯಲ್ಲಿ ಸಂಸಾರ ಹೂಡಿ ವರ್ಷವಾಯಿತು.

ಈ ಸಲ ಓದಿದರೆ ನೀವು ಕುಣಿಯುತ್ತೀರಿ. ಮಾಲೀಕ ಚಾಳು ಖಾಲಿ ಮಾಡಿಸಲು ನೋಟಿಸು ಕೊಡುತ್ತಾನೆ. ಚಾಂದನಿ ಒಂದೇ ಸಲಕ್ಕೆ ಕುಳಿತು ಹದಿನೆಂಟು ಹಾಳಿಯ ತಕರಾರು ಅರ್ಜಿ ಟೈಪ್ ಮಾಡಿ, ಒಂದು ಅಕ್ಷರವೂ ತಪ್ಪದೆ, ದೊಡ್ಡ ಸಾಹೇಬರ ಮುಂದೆ ಹಿಡಿಯುತ್ತಾಳೆ. ಸಾಹೇಬರು ಎದ್ದು ನಿಂತು ಕೈಮುಗಿಯುತ್ತಾರೆ!

ನಮ್ಮ ಮಲಂಗಸಾಬರ ಟೈಪಿಂಗ್ ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಧಾರವಾಡದಿಂದ ಒಡೆದು ಗದಗ ಹೊಸ ಜಿಲ್ಲೆ ಆದದ್ದೇ ಆದದ್ದು, ಎಲ್ಲರ ಕೈಯಲ್ಲೂ ಒಂದೊಂದು ಅರ್ಜಿ. ನಿನ್ನೆ ಯಳವತ್ತಿಯ ಮಂಜವ್ವ ಎಂಬಾಕೆ ಬಂದಿದ್ದಳು. ಗಂಡನಿಲ್ಲ. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ. ‘ತಂಗಿ, ಚಂದಂಗಿ ಕುಟ್ಟವಾ. ನನ್ನ ಎರಡ ಹೆಣ್ಣಮಕ್ಕಳ ಅನ್ನ ಇದರಾಗ ಐತಿ’ ಎಂದಳು. ಎದುರಿನ ಗಾದಿ ಅಂಗಡಿಯಲ್ಲಿ ಹತ್ತಿ ತುಂಬುತ್ತಲೇ ನಮ್ಮ ಅಬ್ಬಾ ಕೂಗಿದರು: ‘ಚಿಂತಿ ಬಿಡಬೇ, ನನ್ನ ಮಗಳ ಬೆರಳು ಎಂದೂ ತಪ್ಪಂಗಿಲ್ಲ!’ ನಾಚಿಕೆಯಾಯಿತು. ಖುಷಿಯೂ ಆಯಿತು.

ಜಲ್ದಿ ಬರೆಯಿರಿ.
ನಿಮ್ಮ ಜಾಸ್ಮಿನ

*

ಬೆಟಗೇರಿ
24 ಜನವರಿ 1998

ಚಿ. ಜಾಸ್ಮಿನಳಿಗೆ ಆಶೀರ್ವಾದಗಳು.

ಮಕ್ಕಳ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಕಾರ್ಯದಲ್ಲಿ ಮುಳುಗಿದ್ದರಿಂದ ವಿಳಂಬವಾಯಿತು. ನಿನ್ನ ಅಧ್ಯಾಯವನ್ನೂ ಅದೇ ಕೆಂಪು ಮಸಿಯಿಂದ ತಿದ್ದಿ ನೋಟ್‌ಬುಕ್ಕನ್ನು ವಾಪಸು ಕಳಿಸಿದ್ದೇನೆ, ಮುನಿಸಿಕೊಳ್ಳಬೇಡ.

ಹನ್ನೊಂದು ಅಧ್ಯಾಯಗಳಲ್ಲಿ ನಿನ್ನ ಚಾಂದನಿ ಒಮ್ಮೆಯೂ ಸೋತಿಲ್ಲ. ಒಮ್ಮೆಯೂ ಬಸ್ಸು ತಪ್ಪಿಸಿಕೊಂಡಿಲ್ಲ. ಅವಳ ಸಾರಿಗೆ ಒಂದು ದಿನ ಉಪ್ಪು ಹೆಚ್ಚಾಗಲಿಲ್ಲವಲ್ಲೇ! ಮೂಲ ಕಥೆಯಲ್ಲಿ ಮೂರನೇ ಖೋಲಿಯ ಮುದುಕಿ ಎಂಥ ಜಗಳಗಂಟಿ, ಅವಳ ಬೈಗುಳಕ್ಕಾಗಿಯೇ ನಾನು ವಾರವಾರ ಕಾಯುತ್ತಿದ್ದೆ. ಚಾಂದನಿ ಬಂದ ದಿನದಿಂದ ಆ ಮುದುಕಿಯೂ ‘ನೀನ ನನ್ನ ಮಗಳವಾ’ ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಇಡೀ ಚಾಳು ಇವಳನ್ನು ಹೊಗಳುವುದಕ್ಕೇ ಬಾಡಿಗೆಗೆ ಬಂದಂತಿದೆ.

ಚಾಂದನಿ ಯಾರೆಂದು ನನಗೆ ಗೊತ್ತು. ಅವಳೂ ಟೈಪ್ ಮಾಡುತ್ತಾಳೆ. ಅವಳ ಎಡಗಲ್ಲದಲ್ಲೂ ಮಚ್ಚೆ ಇದೆ, ನಿನಗೂ ಇದೆಯೆಂದು ನೀನೇ ಬರೆದಿದ್ದೆ. ಬೇರೆಯವರ ಕಥೆಯೊಳಗೆ ನಮ್ಮನ್ನೇ ಕೂಡ್ರಿಸಿ ನಮ್ಮ ಕೊರಳಿಗೆ ನಾವೇ ಹಾರ ಹಾಕಿಕೊಳ್ಳಬಾರದು. ಮುಂದಿನ ಅಧ್ಯಾಯದಲ್ಲಿ ಅವಳಿಂದ ಒಂದು ತಪ್ಪಾಗಲಿ. ಸಾರಿನ ಉಪ್ಪಿನಂಥ ತಪ್ಪಲ್ಲ, ಇನ್ನೊಬ್ಬರಿಗೆ ಪೆಟ್ಟಾಗುವಂಥದ್ದು. ಆಗ ಮಾತ್ರ ನಾನು ನಂಬುತ್ತೇನೆ.

ಇತಿ,
ನೇತ್ರಾ ಪುಂ., ಶಿಕ್ಷಕಿ

*

ಲಕ್ಷ್ಮೇಶ್ವರ
20 ಫೆಬ್ರವರಿ 1998

ಅಕ್ಕೋರ,

ನಿಮ್ಮ ಕೆಂಪು ಮಸಿ ನೋಡಿ ಎರಡು ದಿನ ಊಟ ರುಚಿಸಲಿಲ್ಲ. ಹೌದು, ಚಾಂದನಿ ನಾನೇ. ಇದ್ದರೇನಾಯಿತು? ದಿನವೆಲ್ಲ ಬೇರೆಯವರ ಅರ್ಜಿ, ಬೇರೆಯವರ ಹೆಸರು ಕುಟ್ಟುವವಳು ನಾನು. ಕಥೆಯಲ್ಲಾದರೂ ನನಗೆ ಯಾರಾದರೂ ಕೈಮುಗಿಯಬಾರದೇ?

ನಿಮ್ಮ ಗಿರಿಜಾ ಮಾತ್ರ ಎಲ್ಲ ಸರಿಯೇ? ದಿನವೆಲ್ಲ ಮಗ್ಗದ ಕಂಡಿಕಿ ಕೊಳವೆಗೆ ನೂಲು ಸುತ್ತುತ್ತಾಳೆ, ಎಳೆ ಹರಿದರೆ ಅಳುತ್ತಾಳೆ, ಹರಿಯದಿದ್ದರೂ ಅಳುತ್ತಾಳೆ. ಬೆರಳಿನ ಸೀಳಿನಲ್ಲಿ ಬಣ್ಣ ಇಳಿದು ಮೂರು ದಿನ ಹೋಗುವುದಿಲ್ಲ ಎಂದು ಬರೆದಿದ್ದೀರಿ, ಓದುವಾಗ ನನ್ನ ಬೆರಳೇ ಚುರುಗುಟ್ಟಿತು. ಸಾಲಿ ಅಕ್ಕೋರಿಗೆ ಇದೆಲ್ಲ ಹೆಂಗ ಗೊತ್ತಾತ್ರಿ? ಪಕ್ಕದ ಮನೆಯಲ್ಲಿ ಮಗ್ಗ ಇರಬೇಕು.

ಇರಲಿ, ನಿಮ್ಮ ಮಾತು ಮೀರಿಲ್ಲ. ಹನ್ನೆರಡನೆಯ ಅಧ್ಯಾಯದಲ್ಲಿ ಚಾಂದನಿಗೆ ಒಂದು ದೋಷ ಕೊಡಬೇಕೆಂದಿದ್ದೇನೆ: ಅತಿಯಾದ ಕರುಣೆ. ತನ್ನ ರೊಟ್ಟಿಯನ್ನೆಲ್ಲ ಹಂಚಿಬಿಟ್ಟು ತಲೆಸುತ್ತಿ ಬೀಳುತ್ತಾಳೆ. ಸಾಕಲ್ಲ?

ಆ ಯಳವತ್ತಿಯ ಮಂಜವ್ವನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಮೊನ್ನೆ ಬಂದು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ‘ಯಾರದೋ ವಶೀಲಿ ನಡದೈತಿ ತಂಗಿ. ನನ್ನ ಅರ್ಜಿ ತಗದ ಒಗದಾಂವ ಯಾರರ ಇರ್ಲಿ, ಅವನ ಕೈಗೆ ಹುಳಾ ಬೀಳ್ಲಿ’ ಎಂದಳು. ನಾನೂ ‘ಹೂಂ ಅಕ್ಕಾ, ಹಂಗ ಇರಬೇಕು’ ಎಂದೆ. ಚಹಾ ತರಿಸಿ ಕೊಟ್ಟೆ. ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೋ ತಿಳಿಯದು. ನೀವು ಕಥೆಯ ಬಗ್ಗೆ ಮಾತ್ರ ಬರೆಯಿರಿ.

ಜಾಸ್ಮಿನ

*

ಬೆಟಗೇರಿ
3 ಮಾರ್ಚ್ 1998

ಚಿ. ಜಾಸ್ಮಿನ,

ಅತಿಯಾದ ಕರುಣೆ! ಓದಿ ನಕ್ಕು ನಕ್ಕು ಸಾಕಾಯಿತು. ಬೆಲ್ಲಕ್ಕೆ ಸಿಹಿ ಜಾಸ್ತಿಯಾಯಿತು ಎಂದು ದೂರಿದ ಹಾಗಾಯಿತು ನಿನ್ನದು. ದೋಷವೆಂದರೆ ಓದಿದವರು ಅವಳ ಮೇಲೆ ಸಿಟ್ಟಾಗಬೇಕು ಕಣೇ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ‘ನನ್ನ ದೊಡ್ಡ ದುರ್ಗುಣ ಅತಿ ಶ್ರದ್ಧೆ’ ಎಂದು ನಿಬಂಧ ಬರೆದಿದ್ದಳು, ಅವಳಿಗೆ ಸೊನ್ನೆ ಕೊಟ್ಟೆ.

ನಾನೇ ಒಂದು ದಾರಿ ತೋರಿಸುತ್ತೇನೆ. ಆ ಮಂಜವ್ವನನ್ನೇ ಕಥೆಯೊಳಗೆ ತಂದುಬಿಡು. ಬಡವಿ, ಅರ್ಜಿ ಬರೆಸಲು ಬರುತ್ತಾಳೆ. ಚಾಂದನಿ ಹೊಗಳಿಕೆಯ ಗುಂಗಿನಲ್ಲಿ ಏನೋ ಒಂದನ್ನು ತಪ್ಪಾಗಿ ಟೈಪ್ ಮಾಡುತ್ತಾಳೆ, ಅದರಿಂದ ಅವಳ ಕೆಲಸ ಹೋಗುತ್ತದೆ. ಚಾಂದನಿಗೆ ಗೊತ್ತಾಗುತ್ತದೆ. ಹೇಳುವಳೋ, ಬಾಯಿಮುಚ್ಚಿಕೊಂಡು ಇರುವಳೋ? ಇಂಥದ್ದನ್ನು ಬರೆ. ಅಂದಹಾಗೆ, ಹೆಸರು ಯಾಕೆ ಬರಲಿಲ್ಲವೆಂದು ಆಕೆ ಕಚೇರಿಯಲ್ಲಿ ಕೇಳಿದಳಂತೇನು? ಕಾರಣ ಬರೆದು ಅಂಟಿಸಿರುತ್ತಾರೆ.

ನೇತ್ರಾ

*

ಲಕ್ಷ್ಮೇಶ್ವರ
14 ಮಾರ್ಚ್ 1998

ಅಕ್ಕೋರ,

ನಿಮಗೆ ಯಾರು ಹೇಳಿದರು?

ಲಕ್ಷ್ಮೇಶ್ವರದಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ? ಮಲಂಗಸಾಬರು ಏನಾದರೂ ಬರೆದರೇ? ಖರೆ ಹೇಳ್ರಿ. ನಿಮ್ಮ ಪತ್ರವನ್ನು ಅಮ್ಮಿಯ ಕಣ್ಣಿಗೆ ಬೀಳದಂತೆ ಟ್ರಂಕಿನ ತಳಕ್ಕೆ ಹಾಕಿದ್ದೇನೆ.

ನನಗೆ ಇನ್ನು ಬರೆಯಲಾಗದು. ನೋಟ್‌ಬುಕ್ಕನ್ನು ಈ ಅಂಚೆಯಲ್ಲೇ ವಾಪಸು ಕಳಿಸುತ್ತಿದ್ದೇನೆ. ಹನ್ನೆರಡನೆಯ ಅಧ್ಯಾಯ ಬೇಕಾದರೆ ನೀವೇ ಬರೆದುಕೊಳ್ಳಿ. ಚಾಂದನಿಯನ್ನು ಕೊಂದುಹಾಕಿದರೂ ನನ್ನ ತಕರಾರಿಲ್ಲ.

ಜಾ.

*

ಬೆಟಗೇರಿ
21 ಮಾರ್ಚ್ 1998

ಜಾಸ್ಮಿನ,

ನನಗೆ ಯಾರೂ ಏನೂ ಹೇಳಿಲ್ಲ. ನಾನು ಕಥೆಯನ್ನೇ ಹೇಳಿದ್ದೆ. ಅದು ನಿನ್ನ ಮನೆಯ ಬಾಗಿಲು ತಟ್ಟುತ್ತದೆಂದು ನಾನೇನು ಕನಸು ಕಂಡಿದ್ದೆನೇ?

ನೋಟ್‌ಬುಕ್ಕಿನ ನಡುವೆ ಎರಡು ಹಾಳಿ ಮಡಚಿ ಇಟ್ಟಿದ್ದವು. ಒಂದು, ಮಂಜವ್ವ ಊರಲ್ಲಿ ಯಾರ ಕೈಲೋ ಬರೆಸಿ ತಂದ ಕರಡು. ಅದರಲ್ಲಿ ‘ಮು. ಯಳವತ್ತಿ, ತಾ. ಶಿರಹಟ್ಟಿ, ಜಿ. ಗದಗ’ ಎಂದು ದುಂಡಗೆ ಬರೆದಿದೆ. ಇನ್ನೊಂದು ನಿನ್ನ ಅಂಗಡಿಯ ಕಾರ್ಬನ್ ಪ್ರತಿ. ಅದರಲ್ಲಿ ‘ಜಿ. ಧಾರವಾಡ’ ಎಂದಿದೆ.

ಬೇಕಂತಲೇ ಇಟ್ಟೆಯೋ, ಮರೆತೆಯೋ?

ನಿನ್ನೆ ಇಲ್ಲೇ ಗದಗಿನ ಅಂಗನವಾಡಿ ಕಚೇರಿಗೆ ಹೋಗಿ ಹಲಗೆಯ ಮೇಲಿನ ಪಟ್ಟಿ ಓದಿ ಬಂದೆ. ಧಾರವಾಡವೆಂದು ಬರೆದ ಅರ್ಜಿಗಳನ್ನೆಲ್ಲ ಬೇರೆ ಗಂಟು ಕಟ್ಟಿದ್ದಾರೆ. ಮಂಜವ್ವನ ಹೆಸರಿನ ಮುಂದೆ ‘ಈ ಜಿಲ್ಲೆಯವರಲ್ಲ’ ಎಂದು ಬರೆದಿದೆ. ಯಾರ ವಶೀಲಿಯೂ ಇಲ್ಲ. ತಕರಾರು ಇದ್ದವರು ಪುರಾವೆ ಸಮೇತ ಏಪ್ರಿಲ್ ನಾಲ್ಕರೊಳಗೆ ಕೊಡಬೇಕು. ಆಮೇಲೆ ಪಟ್ಟಿ ಪಕ್ಕಾ ಆಗುತ್ತದೆ, ದೇವರು ಬಂದು ಹೇಳಿದರೂ ತಿದ್ದುವುದಿಲ್ಲ.

ಇಂದಿಗೆ ಹದಿನಾಲ್ಕು ದಿನ ಉಳಿದಿವೆ. ನೀನು ಕಥೆ ಬರೆಯದಿದ್ದರೆ ಬೇಡ. ಅಲ್ಲಿಗೆ ಹೋಗು. ಸತ್ಯ ಹೇಳುವುದಕ್ಕೆ ಇಷ್ಟೊಂದು ಹೆದರುವವಳೆಂದು ನಾನು ನಿನ್ನನ್ನು ತಿಳಿದಿರಲಿಲ್ಲ.

ನೇತ್ರಾ

*

ಲಕ್ಷ್ಮೇಶ್ವರ
27 ಮಾರ್ಚ್ 1998

ಅಕ್ಕೋರ,

ನಾಳೆ ಯುಗಾದಿ, ಬಜಾರದಲ್ಲಿ ಮಾವಿನ ತೋರಣದ ರಾಶಿ. ನನಗೆ ಮಾತ್ರ ತಾರೀಖು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಇಪ್ಪತ್ತೇಳು, ಇಪ್ಪತ್ತೆಂಟು ಎಂದು ಬೆರಳು ಮಡಚುತ್ತಾ ಕೂಡುತ್ತೇನೆ.

ಹೌದು, ನಾನೇ ತಪ್ಪಿದ್ದು. ಒಂದನೇ ಇಯತ್ತೆಯ ಪಾಟಿಯಿಂದ ಹಿಡಿದು ನಮ್ಮ ಅಕ್ಕ ಶಾಹಿಸ್ತಾಳ ಮದುವೆ ಕಾರ್ಡಿನವರೆಗೆ ‘ತಾ. ಶಿರಹಟ್ಟಿ, ಜಿ. ಧಾರವಾಡ’ ಎಂದೇ ಬರೆದ ಕೈ ಇದು. ಕಣ್ಣು ಗದಗ ಎಂದು ಓದಿತು, ಬೆರಳು ಧಾರವಾಡ ಎಂದು ಹೊಡೆದವು. ಅಬ್ಬಾ ಆಗಷ್ಟೇ ಕೂಗಿ ನನ್ನ ಬೆರಳನ್ನು ಹೊಗಳಿದ್ದರು. ಆ ಹೊಗಳಿಕೆಯ ಖುಷಿಯಲ್ಲಿ ಹಾಳಿಯನ್ನು ಮತ್ತೊಮ್ಮೆ ಓದಲೇ ಇಲ್ಲ.

ಮಂಜವ್ವ ಅತ್ತು ಹೋದ ಮೇಲೆ ಫೈಲು ತೆಗೆದು ನೋಡಿದೆ. ಆಗಲೇ ಓಡಿಹೋಗಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಚಹಾ ಕೊಟ್ಟುಬಿಟ್ಟಿದ್ದೆ, ಸಮಾಧಾನ ಹೇಳಿಬಿಟ್ಟಿದ್ದೆ. ಬೇರೆಯವರ ತಪ್ಪೆಂದು ಹೂಂಗುಟ್ಟಿದ ಬಾಯಿಂದಲೇ ‘ನಂದ ತಪ್ಪು’ ಎಂದು ಹೇಳುವುದು ಹೆಂಗ್ರಿ? ಒಂದು ದಿನ ತಡವಾಯಿತು, ಆಮೇಲೆ ದಿನದಿನಕ್ಕೂ ಹೇಳುವುದು ಕಷ್ಟವಾಯಿತು. ಮಲಂಗಸಾಬರು ಕೆಲಸದಿಂದ ತೆಗೆದರೆ ಅಮ್ಮಿ ‘ಇನ್ನ ಸಾಕ, ಮನ್ಯಾಗ ಕೂಡ’ ಎನ್ನುತ್ತಾರೆ. ಅಬ್ಬಾ ಯಾರ ಮುಂದೆ ಏನು ಹೇಳಬೇಕು? ಅವಳ ಶಾಪ ನೆನಪಾಗಿ ದಿನಕ್ಕೆ ಹತ್ತು ಸಲ ನನ್ನ ಕೈ ನೋಡಿಕೊಳ್ಳುತ್ತೇನೆ.

ಹಾಳಿಗಳನ್ನು ನೋಟ್‌ಬುಕ್ಕಿನಲ್ಲಿ ಅಡಗಿಸಿದ್ದು ನಾನೇ. ಕಳಿಸುವಾಗ ಮರೆತೆನೋ, ನಿಮಗೆ ಸಿಗಲೆಂದು ಬಿಟ್ಟೆನೋ, ಅಲ್ಲಾನಾಣೆ ನನಗೂ ಗೊತ್ತಿಲ್ಲ.

ಏಪ್ರಿಲ್ ಮೂರು, ಶುಕ್ರವಾರ, ಮುಂಜಾನೆಯ ಬಸ್ಸಿಗೆ ಮಂಜವ್ವನನ್ನು ಕರೆದುಕೊಂಡು ಬರುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ, ‘ಗದಗಿಗೆ ಹೋಗಿ ಕೇಳಿ ಬರೂಣು’ ಎಂದಷ್ಟೇ ಹೇಳಿದ್ದೇನೆ. ಹಾಳಿಗಳನ್ನು ಅಂಚೆಗೆ ಹಾಕಬೇಡಿ, ಹಬ್ಬದ ರಜೆಯಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಮುಗಿಯಿತು. ದೊಡ್ಡ ಬೇವಿನ ಮರದ ಶಾಲೆ ಎಂದು ನೀವು ಬರೆದಿದ್ದಿರಿ, ನಾನೇ ಹನ್ನೊಂದಕ್ಕೆ ಅಲ್ಲಿಗೆ ಬರುತ್ತೇನೆ. ಅಕ್ಕೋರ, ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬನ್ನಿ. ನೀವು ಪಕ್ಕದಲ್ಲಿ ನಿಂತರೆ ಕಚೇರಿಯವರು ಮಾತು ಕೇಳುತ್ತಾರೆ. ನೀವು ನಿಂತರೆ ನಾನು ಸುಳ್ಳು ಹೇಳುವುದಿಲ್ಲ.

ಜಾಸ್ಮಿನ

*

(ಲಕೋಟೆಯಲ್ಲಿಟ್ಟು ಶಾಲೆಯ ಸಿಪಾಯಿಯ ಕೈಯಲ್ಲಿ ಕೊಟ್ಟ ಚೀಟಿ)

ಬೆಟಗೇರಿ
2 ಏಪ್ರಿಲ್ 1998

ಜಾಸ್ಮಿನ,

ಎರಡೂ ಹಾಳಿಗಳು ಇದರಲ್ಲಿವೆ. ನನಗೆ ವಿಪರೀತ ಜ್ವರ, ಶಾಲೆಗೆ ರಜೆ ಹಾಕಿದ್ದೇನೆ, ಬರಲಾಗದು. ಹೆದರಬೇಡ. ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹೋಗು. ನಿನ್ನ ಕೈಯಿಂದಲೇ ಹೇಳಿಕೆ ಬರೆದುಕೊಡು. ಠಸ್ಸೆ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡ.

ನೇತ್ರಾ, ಶಿಕ್ಷಕಿ

*

ಲಕ್ಷ್ಮೇಶ್ವರ
5 ಏಪ್ರಿಲ್ 1998

ನೇತ್ರಾ ಅವರಿಗೆ,

ಶಾಲೆಯ ಗೇಟಿನಲ್ಲಿ ಯಮನೂರಪ್ಪ ಎಂಬ ಸಿಪಾಯಿ ಇದ್ದ. ನೇತ್ರಾ ಅಕ್ಕೋರು ಎಲ್ಲಿ ಎಂದು ಕೇಳಿದ್ದಕ್ಕೆ ಲಕೋಟೆಯನ್ನು ಕೈಗಿಟ್ಟ. ಚೀಟಿ ಓದಿ, ಅಕ್ಕೋರ ಜ್ವರ ಹೇಗಿದೆ ಎಂದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

‘ಆ ಹೆಸರಿನ ಅಕ್ಕೋರು ಯಾರೂ ಇಲ್ಲವಾ ನಮ್ಮ ಸಾಲ್ಯಾಗ. ನೇತ್ರಾ ಅಂದ್ರ ಪುಂಡಲೀಕಪ್ಪನ ಮಗಳು. ನಮ್ಮ ಓಣ್ಯಾಕಿ, ಕಂಡಿಕಿ ಸುತ್ತತಾಳ. ನಿನ್ನಿ ಸಂಜಿಮುಂದ ಬಂದು ಇದನ್ನ ಕೊಟ್ಟು ಹ್ವಾದ್ಲು. ಜ್ವರಾ? ಏ ಇಲ್ಲ ಬಿಡ, ಇವತ್ತ ಮುಂಜಾನೆ ನಳದ ಮುಂದ ಜಗಳಾ ಮಾಡಾಕತ್ತಿದ್ಲಲ್ಲ!’

ಮಂಜವ್ವ ‘ಯಾರವಾ ಅವರು’ ಎಂದು ಕೇಳಿದಳು. ನಾನು ಲಕೋಟೆಯನ್ನು ಚೀಲಕ್ಕೆ ತುರುಕಿ ಮುಂದೆ ನಡೆದೆ.

ಆಮೇಲೆ ಕಚೇರಿಗೆ ಹೋದೆವು. ‘ನಾನು ಕಿಟಕಿಯ ಮುಂದೆ ಧೈರ್ಯವಾಗಿ ನಿಂತು ತಪ್ಪು ಒಪ್ಪಿಕೊಂಡೆ’ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ, ಹೊಡೆದು ಹಾಕಿದ್ದೇನೆ, ನಿಮಗೆ ಕಾಣುತ್ತಿರಬಹುದು. ಅದು ಚಾಂದನಿ. ನಾನಲ್ಲ. ಗುಮಾಸ್ತರು ಏನೆಂದು ಕೇಳಿದಾಗ ‘ಮಷೀನಿನ ತಪ್ಪುರಿ’ ಎಂದೆ. ಅವರು ಎರಡೂ ಹಾಳಿಗಳನ್ನು ನೋಡಿ, ‘ಮಷೀನು ತನ್ನಷ್ಟಕ್ಕ ತಾನ ಧಾರವಾಡ ಅಂತ ಹೊಡಿತೇನವಾ? ಕುಟ್ಟಿದಾಕಿ ಯಾರು?’ ಎಂದು ಗಟ್ಟಿಯಾಗಿ ಕೇಳಿದರು. ಹಿಂದೆ ನಿಂತ ಮಂಜವ್ವನಿಗೆ ಕೇಳಿಸಿತು. ಹೀಗೆ ಗೊತ್ತಾಯಿತು ಅವಳಿಗೆ. ನಾನು ಹೇಳಿ ಅಲ್ಲ.

ಅವಳು ಹೋಗಿ ಮೆಟ್ಟಿಲ ಮೇಲೆ ಕುಳಿತಳು. ನಾನೂ ಹೋಗಿ ಎದುರಿಗೆ ಕುಳಿತೆ. ಬೈಯಲಿ, ಹೊಡೆಯಲಿ ಎಂದುಕೊಂಡೆ. ಅವಳು ಅಂದಳು: ‘ಒಂದೂವರಿ ತಿಂಗಳಾತು ನಾ ಇಲ್ಲದ ಮನಷ್ಯಾಗ ಶಾಪಾ ಹಾಕ್ಕೋಂತ ಬಂದೀನಲ್ಲ ತಂಗಿ. ಅಂವನ ಕೈಗೆ ಹುಳಾ ಬೀಳ್ಲಿ ಅಂದೀನಿ. ನೀ ಮುಂದ ಕುಂತು ಹೂಂ ಅಂದಿ. ಚಾ ಕುಡಿಸಿದಿ.’

‘ತಪ್ಪು ನನ್ನದು, ಅರ್ಜಿದಾರಳದ್ದಲ್ಲ’ ಎಂದು ಕೈಯಿಂದ ಬರೆದು ಸಹಿ ಮಾಡಿ ಕೊಟ್ಟೆ. ಠಸ್ಸೆ ಬಿತ್ತು. ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕುಳಿತಳು.

ನಿಮ್ಮ ಓಣಿ ಎರಡು ನಿಮಿಷದ ದಾರಿ ಎಂದು ಯಮನೂರಪ್ಪ ತೋರಿಸಿದ್ದ. ನಾನು ಬರಲಿಲ್ಲ. ಬಂದು ಯಾರನ್ನು ಕೇಳಬೇಕಿತ್ತು? ಚಾಂದನಿ ಸುಳ್ಳು ಎಂದಿರಿ, ಸರಿ. ಸತ್ಯ ಹೇಳಲು ಹೆದರುತ್ತೀ ಎಂದು ನನಗೆ ಬುದ್ಧಿ ಹೇಳಿದಿರಿ, ಅದೂ ಸರಿ. ಆ ಕೆಂಪು ಮಸಿ ಹಿಡಿದ ಕೈ ಯಾರದ್ದು, ಅದನ್ನು ಹೇಳಿ.

ಜಾಸ್ಮಿನ

*

ಬೆಟಗೇರಿ
17 ಏಪ್ರಿಲ್ 1998

ಜಾಸ್ಮಿನ,

ಮೂರು ಸಲ ಬರೆದು ಹರಿದೆ. ಆ ಅಕ್ಕೋರ ಭಾಷಾದಾಗ ಬರಿಯಾಕ ಕುಂತ್ರ ಮತ್ತ ಸುಳ್ಳ ಬರತೈತಿ. ಅದಕ್ಕ ನಾ ಮಾತಾಡಿದಂಗ ಬರೀತೀನಿ, ಓದಾಕ ಆಗಲಿಲ್ಲ ಅಂದ್ರ ಒಲಿಗೆ ಹಾಕು.

ನಾ ಎಸ್ಸೆಲ್ಸಿ ಫಸ್ಟ್ ಕ್ಲಾಸು. ಅಕ್ಕೋರ ಆಗಬೇಕು ಅಂತ ಭಾಳ ಇತ್ತು. ಅವ್ವ ತೀರಿಕೊಂಡ್ಲು. ತಮ್ಮ ಹುಲಿಗೇಶನ ಮಗ್ಗಕ್ಕ ಕಂಡಿಕಿ ಸುತ್ತವರು ಯಾರೂ ಇರಲಿಲ್ಲ, ನಾ ಕುಂತೆ. ಕುಂತಾಕಿ ಏಳಲಿಲ್ಲ. ವಾರಪತ್ರಿಕಿಗೆ ಮೂರು ಕಾಗದಾ ಬರದೆ, ‘ನೇತ್ರಾ, ಕಂಡಿಕಿ ಸುತ್ತುವವಳು’ ಅಂತ. ಅಚ್ಚಾಗಿ ಬರಲಿಲ್ಲ. ನಾಕನೇದಕ್ಕ ಹೆಸರಿನ ಮುಂದ ‘ಶಿಕ್ಷಕಿ’ ಅಂತ ಹಾಕಿದೆ. ಬಂತು. ಕಾಗದಾ ಚಲೋ ಇತ್ತಂತ ಬಂತೋ, ಆ ಮಾತಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ. ಅದನ್ನ ಓದಿ ನಿನ್ನ ಮೊದಲನೇ ಪತ್ರ ಬಂತು. ‘ಅಕ್ಕೋರಿಗೆ ಸಲಾಂ’ ಅಂತ. ಜೀವಮಾನದಾಗ ಮೊದಲನೇ ಸಲ ಒಬ್ಬರು ನನಗ ಅಕ್ಕೋರ ಅಂದ್ರು. ಆ ಒಂದ ಮಾತ ಓದಿ ಓದಿ ಕಾಗದಾ ಮಡಚಿದಲ್ಲೇ ಹರದೈತಿ. ಹೆಂಗ ಬಿಡ್ಲಿ ಹೇಳು?

ನೀ ಚಾಂದನಿನ್ನ ಕಥ್ಯಾಗ ಕೂಡ್ರಿಸಿದಿ. ನಾ ಆ ಅಕ್ಕೋರನ್ನ ಪತ್ರದಾಗ ಕೂಡ್ರಿಸಿ ನಿನ್ನ ಕಡಿಂದ ಸಲಾಂ ಹೊಡಿಸಿಕೊಂಡೆ. ನಿನ್ನ ಚಾಂದನಿಯಿಂದ ಯಾರಿಗೂ ಮೋಸ ಆಗಲಿಲ್ಲ, ಅದು ಕಥಿ ಇತ್ತು. ಕೆಂಪ ಪೆನ್ನು ಕಿರಾಣಿ ಅಂಗಡ್ಯಾಂದು. ನನಗ ತಿದ್ದಾಕ ಯಾವ ಹುಡುಗೂರೂ ಇರಲಿಲ್ಲ, ನೀ ಒಬ್ಬಾಕಿ ಸಿಕ್ಕಿದ್ದಿ. ತಿದ್ದಿದೆ.

ಗಿರಿಜಾನೂ ಖರೆ ಅಲ್ಲ. ನಾ ಅಷ್ಟ ಅಳಂಗಿಲ್ಲ. ಕಂಡಿಕಿ ಸುತ್ತುಮುಂದ ಹಾಡ ಹೇಳತೀನಿ, ಹುಲಿಗೇಶಗ ಬೈತೀನಿ, ನಳದ ಮುಂದ ಜಗಳಾ ಮಾಡತೀನಿ, ಅದು ನಿನಗ ಆಗಲೇ ಖಬರ ಆಗೈತಿ. ನೀ ಓದಿ ಅಯ್ಯೋ ಪಾಪ ಅನ್ಲಿ ಅಂತ ಆಕಿನ್ನ ಅಳಿಸಿದೆ.

ಇನ್ನೊಂದು ಹೇಳಬೇಕು. ಶುಕ್ರವಾರ ನಾ ಆ ಕಚೇರಿ ಎದರಿಗಿನ ಚಾದಂಗಡಿ ಮಗ್ಗಲ ನಿಂತಿದ್ದೆ. ಗಲ್ಲದ ಮ್ಯಾಲಿನ ಮಚ್ಚಿ ನೋಡಿ ಗುರುತ ಹಿಡದೆ. ನೀ ಮೆಟ್ಟಲ ಮ್ಯಾಲೆ ತಲಿ ಬಗ್ಗಿಸಿ ಕುಂತಿದ್ದಿ. ನನಗೂ ನಿನಗೂ ಹತ್ತ ಹೆಜ್ಜಿ ಇತ್ತು. ಅವತ್ತ ನೀಲಿ ನೂಲು ಸುತ್ತಿದ್ದೆ, ಮಣಿಕಟ್ಟಿನ ತನಕ ಬಣ್ಣ ಹತ್ತಿತ್ತು. ಸೆರಗಿನ್ಯಾಗ ಎಷ್ಟ ತಿಕ್ಕಿದ್ರೂ ಹೋಗಲಿಲ್ಲ. ಅಕ್ಕೋರ ಕೈ ಹಿಂಗಿರಂಗಿಲ್ಲ ಅಂತ ಅಲ್ಲೇ ನಿಂತೆ. ನೀ ಬಸ್ ಹತ್ತಾಕ ಹ್ವಾದಿ. ನಿನಗ ಹೆದರಬ್ಯಾಡ ಅಂತ ಬರದಾಕಿ ಹತ್ತ ಹೆಜ್ಜಿ ಇಡಲಿಲ್ಲ. ನನಗ ನನ್ನ ಮ್ಯಾಲೆ ಅಸಹ್ಯ ಆಗೈತಿ.

ನೋಟ್‌ಬುಕ್ ನನ್ನ ಹತ್ರ ಐತಿ. ಬೇಡಂದ್ರೂ ಒಂದ ಸಾಲು ಬರದು ಹಾಕು.

ನೇತ್ರಾ

*

ಲಕ್ಷ್ಮೇಶ್ವರ
11 ಮೇ 1998

ನೇತ್ರಕ್ಕಾ,

ಅಕ್ಕೋರ ಎಂದು ಬರೆಯಲು ಕೈ ಬರುತ್ತಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ. ನಿಮ್ಮ ಪತ್ರವನ್ನು ಒಲೆಗೂ ಹಾಕಿಲ್ಲ.

ಮಂಜವ್ವನ ಅರ್ಜಿಯನ್ನು ಮತ್ತೆ ಲೆಕ್ಕಕ್ಕೆ ಹಿಡಿದಿದ್ದಾರೆ. ಇಪ್ಪತ್ತೆರಡಕ್ಕೆ ಸಂದರ್ಶನ. ಕೆಲಸ ಸಿಗುತ್ತದೋ ಇಲ್ಲವೋ, ಹೇಳಲಾಗದು. ನಾನು ಸಿಗುತ್ತದೆಂದು ಬರೆಯುವುದಿಲ್ಲ. ಹೊಸ ದಾಖಲೆಪಟ್ಟಿ ಟೈಪ್ ಮಾಡಿಸಲು ಅವಳು ಬೇರೆಲ್ಲೂ ಹೋಗದೆ ನಮ್ಮ ಅಂಗಡಿಗೇ ಬಂದಳು. ಮುಗಿದ ಮೇಲೆ ‘ಓದಿ ಹೇಳು’ ಎಂದಳು. ಓದಿದೆ. ಜಿಲ್ಲೆಯ ಹೆಸರು ಬಂದಾಗ ‘ಅದನ್ನ ಇನ್ನೊಮ್ಮೆ ಓದು’ ಎಂದಳು. ಅದನ್ನೂ ಓದಿದೆ. ಚಹಾ ತರಿಸಿದೆ, ಕುಡಿಯಲಿಲ್ಲ.

ಮಲಂಗಸಾಬರು ಮೂರು ದಿನ ಬೈದರು. ಈಗ ಯಾರ ಹಾಳಿಯೇ ಆಗಲಿ, ಗಿರಾಕಿಯ ಮುಂದೆ ಓದಿಯೇ ಕೊಡಬೇಕೆಂದು ಹುಕುಂ ಮಾಡಿದ್ದಾರೆ. ಅಬ್ಬಾ ಈಗ ಗಾದಿ ಅಂಗಡಿಯಿಂದ ನನ್ನ ಬೆರಳಿನ ಮಾತು ಮಾತ್ರ ಕೂಗುವುದಿಲ್ಲ. ಮಲಂಗಸಾಬರ ಬೈಗುಳಕ್ಕಿಂತ ಅದೇ ಹೆಚ್ಚು ನೋಯುತ್ತದೆ.

ಹನ್ನೆರಡನೆಯ ಅಧ್ಯಾಯವನ್ನು ಬಿಡಿ ಹಾಳಿಗಳ ಮೇಲೆ ಬರೆದಿಟ್ಟಿದ್ದೇನೆ. ಚಾಂದನಿ ತಪ್ಪು ಮಾಡುತ್ತಾಳೆ, ಬಚ್ಚಿಡುತ್ತಾಳೆ, ಸಿಕ್ಕಿಬೀಳುತ್ತಾಳೆ. ಮೂರನೇ ಖೋಲಿಯ ಮುದುಕಿ ಒಂದೂವರೆ ಪುಟ ಬೈಯುತ್ತಾಳೆ. ಅಯ್ಯ, ಅದನ್ನು ಬರೆಯುವಾಗ ಎಷ್ಟು ದಿನಗಳ ಮೇಲೆ ನಗು ಬಂತು ನೋಡಿ! ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ನಾನೇ ತರುತ್ತೇನೆ. ಶಾಲೆಗಲ್ಲ, ಮನೆಗೆ. ಕೈ ತೊಳಕೊಂಡು, ಇಸ್ತ್ರಿ ಸೀರೆ ಉಟ್ಟು ಕೂಡ್ರಬ್ಯಾಡ್ರಿ. ನಾನೂ ಹೆದರಿಕೊಂಡೇ ಬರುತ್ತಿದ್ದೇನೆ.

ಲಕೋಟೆಯ ಮೇಲೆ ಗೀಚಿದ್ದು ನೋಡಿ ಗಾಬರಿಯಾಗಬೇಡಿ. ನಿಮ್ಮ ವಿಳಾಸ ಬರೆಯುವಾಗ ಕೈ ಮತ್ತೆ ‘ಜಿ. ಧಾರವಾಡ’ ಎಂದೇ ಬರೆದುಬಿಟ್ಟಿತು. ಅಂಚೆಗೆ ಹಾಕುವ ಮೊದಲು ಒಮ್ಮೆ ಓದಿದೆ, ಹೊಡೆದು ಹಾಕಿ ಪಕ್ಕದಲ್ಲಿ ಗದಗ ಎಂದು ಬರೆದೆ. ಹೊಸ ಲಕೋಟೆ ಇತ್ತು. ಇದನ್ನೇ ಕಳಿಸುತ್ತಿದ್ದೇನೆ.

ಜಾಸ್ಮಿನ